ಚೌಡಕಿ ಸ್ಯಾಂಪಲ್‌ನಿಂದ ಹಿಪ್‌ಹಾಪ್ ಬೀಟ್: ಕತ್ತರಿ ಎಲ್ಲಿ ಹಾಕಬೇಕು?

ಸ್ಯಾಂಪಲ್ ಅಂದರೆ ರೆಕಾರ್ಡಿನಿಂದ ಕತ್ತರಿಸಿಕೊಂಡು ಬೀಟ್ ಕಟ್ಟಲು ಬಳಸುವ ತುಣುಕು. ಸವದತ್ತಿ ಕಡೆಯ ಚೌಡಕಿ (ತಂತಿ ಮೀಟಿ ನುಡಿಸುವ ಜನಪದ ವಾದ್ಯ) ಕಲಾವಿದರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡರೆ ತಿಂಗಳುಗಟ್ಟಲೆ ಸಾಕಾಗುವಷ್ಟು ಸರಕು ಸಿಗುತ್ತದೆ. ಹಳೆಯ ರೆಕಾರ್ಡಿನಿಂದ ಎತ್ತುವುದಾದರೆ ಹಕ್ಕು ಎರಡು ಪದರ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ, ಪದ ಬರೆದವರು ಮತ್ತು ಧಾಟಿ ಕಟ್ಟಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ‘ಎರಡು ಸೆಕೆಂಡ್ ತಗೊಂಡ್ರ ನಡೀತದ’ ಅನ್ನುವ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ, ಗೋಡೆಗೆ ಎರಡು ಕೌದಿ ಇಳಿಬಿಡಿ. ಕೌದಿ ಕೋಣೆಯ ಗುಂಯ್‌ಗುಡುವಿಕೆಯನ್ನು ಹೀರುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ; ರಬಕವಿ-ಬನಹಟ್ಟಿಯಲ್ಲಿದ್ದರೆ ಮಗ್ಗ ನಿಲ್ಲುವ ಹೊತ್ತನ್ನೇ ಕಾಯಬೇಕು. ಫೋನಿನಲ್ಲಾದರೆ ಶಬ್ದ ತಗ್ಗಿಸುವ ಸೆಟ್ಟಿಂಗ್ ಬಂದ್ ಮಾಡಿ, ಇಲ್ಲದಿದ್ದರೆ ಅದು ತಂತಿಯ ಬಾಲವನ್ನೇ (ಮೀಟಿದ ಮೇಲೆ ಉಳಿಯುವ ನಾದ) ನುಂಗುತ್ತದೆ. ವೇವ್ (.wav) ಫೈಲ್ ಆಗಿ ಉಳಿಸಿ, ಸದ್ದಿನ ಮೇಲ್ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ.

ಈಗ ಲೆಕ್ಕ. ನಾಲ್ಕು ಬೀಟಿನ ಒಂದು ಬಾರ್ ಎಷ್ಟು ಸೆಕೆಂಡ್ ಅಂದರೆ 240 ಭಾಗಿಸು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ವೇಗ). ಬಾರ್ 2.5 ಸೆಕೆಂಡ್ ಇದ್ದರೆ ವೇಗ 96. ಅದನ್ನು ಟೇಪಿನಂತೆ ನಿಧಾನ ಮಾಡಿ 90ಕ್ಕೆ ಇಳಿಸಿದರೆ ಸ್ವರ 1.12 ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಇಳಿಯುತ್ತದೆ. ಆ 0.12 ಇದೆಯಲ್ಲ, ಮೇಲೆ ಬೇಸ್ ನುಡಿಸಿದಾಗ ‘ಎಲ್ಲೋ ಹುಳಿ’ ಅನ್ನಿಸುವುದು ಅದರಿಂದಲೇ. ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟಿನ ವೇಗವನ್ನು 90.6ಕ್ಕೆ ಇಡಿ, ಸರಿಯಾಗಿ ಒಂದು ಸೆಮಿಟೋನ್ ಇಳಿದು ಬೇಸ್ ಕೂಡಿಕೊಳ್ಳುತ್ತದೆ (ಮೂಲ ಶ್ರುತಿಯೇ ಆಚೀಚೆ ಇದ್ದರೆ ಬೇಸನ್ನು ಸ್ಯಾಂಪಲ್‌ಗೆ ಹೊಂದಿಸಿ).

ಹೆಚ್ಚಿನವರು ಎಡವುವುದು ಕತ್ತರಿಸುವಾಗ. ಚೌಡಕಿಯ ತಂತಿ ಮೀಟಿದ ಮೇಲೆ ಬಿಗಿದಂತೆ ಸ್ವರ ಏರುತ್ತದೆ. ಅಲೆಯ ಚಿತ್ರದಲ್ಲಿ ದಪ್ಪ ಕಂಡಲ್ಲಿ ಕತ್ತರಿಸಿದರೆ ಮೀಟಿದ ‘ಟಕ್’ ಹೋಗಿ ಬರೀ ಬಾಲ ಉಳಿಯುತ್ತದೆ. ಪೂರ್ತಿ ಹಿಗ್ಗಿಸಿ ನೋಡಿ, ಮೊದಲ ಸಣ್ಣ ಮುಳ್ಳಿನ ಹಿಂದೆ ಅಲೆ ಸೊನ್ನೆಗೆರೆ ದಾಟುವ ಜಾಗದಲ್ಲಿ ಕತ್ತರಿ ಹಾಕಿ. ಅಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಝಡ್ ಒತ್ತಿದರೆ ಅಂಚು ತಾನೇ ಅಲ್ಲಿಗೆ ಸರಿಯುತ್ತದೆ. ಗೆರೆ ತಪ್ಪಿದರೆ ‘ಚಿಟ್’ ಸದ್ದು. ಆರಂಭಕ್ಕೆ 2 ಮಿಲಿಸೆಕೆಂಡ್ ಫೇಡ್ (ಸದ್ದು ಸೊನ್ನೆಯಿಂದ ಮೆಲ್ಲಗೆ ಏರುವುದು) ಸಾಕು; 10 ಕೊಟ್ಟರೆ ಪೆಟ್ಟು ಮೊಂಡಾಗುತ್ತದೆ. ಪೆಟ್ಟಿಗೆ ಮೊದಲು 20 ಮಿಲಿಸೆಕೆಂಡ್ ಮೌನ ಉಳಿದರೂ ಸ್ಯಾಂಪಲ್ ಕಿಕ್ಕಿನ (ಡ್ರಮ್ಮಿನ ದಪ್ಪ ಪೆಟ್ಟು) ಹಿಂದೆ ಎಳೆದಾಡುತ್ತದೆ.

ಸ್ಯಾಂಪಲ್‌ನ 130 ಹರ್ಟ್ಸ್ ಕೆಳಗಿನದನ್ನು ಕಡಿದು ಕಿಕ್‌ಗೆ, ಬೇಸ್‌ಗೆ ಜಾಗ ಬಿಡಿ. ಸ್ನೇರ್ (ಡ್ರಮ್ಮಿನ ಚುರುಕು ಪೆಟ್ಟು) ಕೆಳಗೆ ಒಂದು ಹಲಗಿ ಪೆಟ್ಟು ಸೇರಿಸಿದರೆ ಮೈ ಬರುತ್ತದೆ. ಸ್ವಿಂಗ್ (ಪೆಟ್ಟುಗಳಿಗೆ ಕೊಡುವ ತೂಗು) 54ರಿಂದ 58 ಪ್ರತಿಶತ, ಅದೂ ಹೈಹ್ಯಾಟ್‌ಗೆ (ಡ್ರಮ್ಮಿನ ಜೋಡಿ ತಾಳ) ಮಾತ್ರ: ಕಲಾವಿದರ ಕೈಯಲ್ಲಿ ತನ್ನದೇ ತೂಗು ಇರುತ್ತದೆ, ಅದರ ಮೇಲೆ ಇನ್ನೊಂದು ಹೇರಿದರೆ ಬೀಟ್ ಕುಂಟುತ್ತದೆ. 1987ರ ಎಸ್‌ಪಿ-1200 ಅನ್ನುವ ಸ್ಯಾಂಪಲ್ ಯಂತ್ರದ ಒರಟುತನ ಬೇಕೆಂದರೆ 12 ಬಿಟ್, 26 ಕಿಲೊಹರ್ಟ್ಸ್‌ಗೆ ಇಳಿಸಿ. ಒಟ್ಟು ಹತ್ತು ಸೆಕೆಂಡ್ ಜಾಗದ ಯಂತ್ರವದು. ಅದರಲ್ಲಿ ಹೆಚ್ಚು ಹಿಡಿಸಲು ಬೀಟ್ ಕಟ್ಟುವವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡ್ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ನಿಧಾನ ಮಾಡುತ್ತಿದ್ದರು.

ಮುಗಿದ ಮೇಲೆ ಮೊನೊದಲ್ಲಿ (ಎಡ-ಬಲ ಎರಡೂ ಸೇರಿಸಿ ಒಂದೇ ಮಾಡಿ) ಕೇಳಿ. ಆಮೇಲೆ ಫೋನ್ ಸ್ಪೀಕರ್, ಸಿಕ್ಕರೆ ಕಬ್ಬಿನ ಟ್ರ್ಯಾಕ್ಟರಿನ ಟೇಪು. ಫೋನಿನಲ್ಲಿ ಬೇಸ್ ಮಾಯವಾದರೆ ವಾಲ್ಯೂಮ್ ಏರಿಸಬೇಡಿ, ಬೇಸ್‌ಗೆ ತುಸು ಸ್ಯಾಚುರೇಶನ್ (ಸದ್ದನ್ನು ಹದವಾಗಿ ಒರಟಾಗಿಸುವ ಎಫೆಕ್ಟ್) ಕೊಡಿ. ಏರಿಸಿದ್ದು ಟ್ರ್ಯಾಕ್ಟರಿನಲ್ಲಿ ಕಿಕ್ಕನ್ನೇ ಹರಿದು ಹಾಕುತ್ತದೆ.