ಸರೋವರದ ಕೆಸರು ಕಲ್ಲಾದ್ಮೇಲೆ ಎಣ್ಣೆ ಎಲ್ಲಿ ಕೂತಿರತ್ತೆ?

ಚೀನಾದ ಡಾಚಿಂಗ್‌ನಲ್ಲಿ 1959ರಲ್ಲಿ ಕಚ್ಚಾ ಎಣ್ಣೆ ಸಿಕ್ಕಿದ್ದು ಮರಳುಗಲ್ಲಲ್ಲಿ, ಆದ್ರೆ ಆ ಎಣ್ಣೆ ಹುಟ್ಟಿದ್ದು ಅಲ್ಲಿನ ಶೇಲ್‌ನಲ್ಲಿ, ಅಂದ್ರೆ ಡೈನೋಸಾರ್ ಕಾಲದ ಭಾರೀ ಸರೋವರವೊಂದರ ತಳದಲ್ಲಿ ಕೂತು ಗಟ್ಟಿಯಾದ ಕೆಸರಲ್ಲಿ. ಈಗ ಆ ಶೇಲ್‌ಗೇ ನೇರವಾಗಿ ಕೈ ಹಾಕಿದಾರೆ.

ಶೇಲ್ ಅಂತ ಒಂದೇ ಹೆಸರಿಟ್ರೂ ಒಳಗೆ ಜಾತಿ ಹಲವು. ಸರೋವರ ಸಮುದ್ರಕ್ಕಿಂತ ಚಿಕ್ಕದು ನೋಡಿ, ಹವಾಮಾನ ಸ್ವಲ್ಪ ಏರುಪೇರಾದ್ರೂ ತಳದಲ್ಲಿ ಗೊತ್ತಾಗ್ಬಿಡತ್ತೆ: ಮಳೆ ಜೋರಾದ್ರೆ ನದಿಗಳು ಜೇಡಿ, ನುಣ್ಣನೆ ಮರಳು ತಂದು ಸುರೀತವೆ, ನೀರು ಬತ್ತಿ ಉಪ್ಪಾದ್ರೆ ಸುಣ್ಣದ ಖನಿಜ ಇಳಿಯತ್ತೆ, ಪಾಚಿ ಹೆಚ್ಚಿ ಸತ್ರೆ ಕರೀ ಪದರ, ಹತ್ರದಲ್ಲಿ ಜ್ವಾಲಾಮುಖಿ ಇದ್ರೆ ಬೂದಿ ಬೇರೆ. ಅದಕ್ಕೇ ಭೂವಿಜ್ಞಾನಿಗಳು ಖನಿಜ ಯಾವುದು, ಸಾವಯವ ಇಂಗಾಲ (ಸತ್ತ ಜೀವಿಗಳಿಂದ ಬಂದದ್ದು) ಎಷ್ಟು, ಪದರ ಹೇಗಿದೆ ಅಂತ ಮೂರನ್ನೂ ನೋಡಿ ಕಲ್ಲಿನ ಜಾತಿ ಹೇಳ್ತಾರೆ.

ಇನ್ನು ಎಣ್ಣೆ ಕೂತಿರೋ ರಂಧ್ರಗಳು. ಜೇಡಿ ಹಾಳೆಗಳ ಮಧ್ಯೆ ಎಷ್ಟೋ ಕಡೆ ಬರೀ ಹತ್ತಾರು ನ್ಯಾನೋಮೀಟರ್ ಜಾಗ, ಒಂದು ಕೂದಲೇ ಸುಮಾರು 70,000 ನ್ಯಾನೋಮೀಟರ್ ದಪ್ಪ ಅಂದ್ರೆ ಲೆಕ್ಕ ಹಾಕ್ಕೊಳಿ. ಮರಳಿನ ಕಣಗಳ ಮಧ್ಯೆ ಇನ್ನೂ ದೊಡ್ಡ ಜಾಗ ಸಿಗತ್ತೆ, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ (ಸುಣ್ಣದ ಖನಿಜ) ಥರದ ಖನಿಜಗಳು ಕರಗಿ ಆದ ತೂತುಗಳೂ ಇರ್ತವೆ. ಟೆಕ್ಸಾಸ್‌ನ ಬಾರ್ನೆಟ್ ಥರದ ಸಮುದ್ರದ ಗ್ಯಾಸ್ ಶೇಲ್‌ನಲ್ಲಿ ಸಾವಯವ ವಸ್ತುವಿನೊಳಗೇ ಜೇನುಗೂಡಿನ ಹಾಗೆ ತೂತುಗಳಿವೆ, ಎಣ್ಣೆ ಹಂತದಲ್ಲೇ ನಿಂತ ಸರೋವರದ ಶೇಲ್‌ಗಳಲ್ಲಿ ಅವು ಕಮ್ಮಿ, ಯಾಕಂದ್ರೆ ಅಂಥ ತೂತು ಹೆಚ್ಚಾಗೋದು ಕಲ್ಲು ಇನ್ನೂ ಬೆಂದು ಗ್ಯಾಸ್ ಹುಟ್ಟೋವಾಗ. (ಇದನ್ನ ನೋಡೋಕೆ ಕಲ್ಲನ್ನ ಸುಮ್ನೆ ಉಜ್ಜಿದ್ರೆ ಆಗಲ್ಲ, ಉಜ್ಜಿದ್ದಕ್ಕೇ ಸುಳ್ಳು ತೂತು ಬೀಳ್ತವೆ, ಹಾಗಾಗಿ ಆರ್ಗಾನ್ ಅಯಾನುಗಳಿಂದ ಮೇಲ್ಮೈ ನಯ ಮಾಡಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗಿಡ್ತಾರೆ.)

ನನಗೆ ಮಜಾ ಅನ್ಸೋದು ತೆಳು ಪದರಗಳ ಕಲ್ಲು. ಒಂದು ಮಿಲಿಮೀಟರೂ ಇಲ್ಲದ ಕರೀ ಪದರ, ಅದರ ಪಕ್ಕ ಬಿಳೀ ಕ್ಯಾಲ್ಸೈಟ್ ಅಥವಾ ಮರಳಿನ ಪದರ, ಮತ್ತೆ ಕರೀದು. ಕರೀದು ಎಣ್ಣೆ ಹುಟ್ಟಿಸತ್ತೆ, ಒತ್ತಡ ಏರತ್ತೆ, ಪದರಗಳ ಸಂದಿ ಸೀಳತ್ತೆ, ಎಣ್ಣೆ ಪಕ್ಕದ ಮನೆಗೆ ಹೋಗಿ ಸೇರ್ಕೊಳತ್ತೆ. ತೆಳು ಚೂರಿನ ಮೇಲೆ ಯುವಿ ಬೆಳಕು ಬಿಟ್ರೆ ಆ ಎಣ್ಣೆ ಹೊಳೆಯೋದು ಕಾಣತ್ತೆ.

ಹಾಗಾಗಿ ಸಾವಯವ ಜಾಸ್ತಿ ಇರೋ ಕಲ್ಲೇ ಒಳ್ಳೇ ಕಲ್ಲು ಅನ್ನೋಕಾಗಲ್ಲ. ಕೆರೋಜೆನ್‌ಗೆ (ಎಣ್ಣೆ ಹುಟ್ಟಿಸೋ ಗಟ್ಟಿ ಸಾವಯವ ವಸ್ತು), ಜೇಡಿಗೆ ಅಂಟ್ಕೊಂಡ ಎಣ್ಣೆ ಅಲ್ಲಾಡಲ್ಲ, ಸಾಲದ್ದಕ್ಕೆ ಸರೋವರದ ಎಣ್ಣೇಲಿ ಮೇಣ ಜಾಸ್ತಿ. ಅದಕ್ಕೇ ಅಡ್ಡ ಬಾವಿ ಕೊರೆಯೋರು ಜೇಡಿ ಕಮ್ಮಿ ಇದ್ದು, ಪದರ ಚೆನ್ನಾಗಿದ್ದು, ಒತ್ತಡ ಕೊಟ್ರೆ ಬಿರಿಯೋ ಕೆಲವೇ ಮೀಟರ್ ದಪ್ಪದ ಪಟ್ಟಿ ಹುಡುಕಿ ಅದರೊಳಗೇ ಪೈಪ್ ನುಗ್ಗಿಸ್ತಾರೆ.