ಉಕ್ಕಿನ ಟರ್ಬೈನ್ ಒಳಗಿನ ಸುಳಿ ಕಣ್ಣಿಗೆ ಕಾಣೋದು ಹೇಗೆ?

ಪ್ರಶ್ನೆ: ಟರ್ಬೈನ್ ಒಳಗೆ ನೀರು ಸುಳಿ ಸುತ್ತುವ ಚಿತ್ರಗಳನ್ನು ನೋಡಿದ್ದೇನೆ. ಯಂತ್ರ ಉಕ್ಕಿನದು, ನೀರಿಗೆ ಬಣ್ಣವಿಲ್ಲ. ಮತ್ತೆ ಆ ಸುಳಿ ಕಾಣಿಸಿದ್ದು ಹೇಗೆ?

ಕೆಲವು ಸಲ ಸುಳಿ ತಾನಾಗೇ ಕಾಣಿಸಿಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು, ಇಲ್ಲಿಂದಲೇ ಶುರು ಮಾಡುತ್ತೇನೆ.

ಜಲವಿದ್ಯುತ್ ಕೇಂದ್ರಗಳಲ್ಲಿ ಬಳಸುವ ಫ್ರಾನ್ಸಿಸ್ ಟರ್ಬೈನ್‌ನಲ್ಲಿ ನೀರು ರನ್ನರ್ (ಬ್ಲೇಡ್‌ಗಳಿರುವ ತಿರುಗುವ ಚಕ್ರ) ದಾಟಿ ಕೆಳಗಿನ ಡ್ರಾಫ್ಟ್ ಟ್ಯೂಬಿಗೆ, ಅಂದರೆ ನೀರು ಹೊರಹೋಗುವ ಕೊಳವೆಗೆ ಇಳಿಯುತ್ತದೆ. ಯಂತ್ರ ಚೆನ್ನಾಗಿ ಓಡುವ ಲೋಡ್‌ನಲ್ಲಿ ಅದು ಹೆಚ್ಚುಕಡಿಮೆ ನೇರವಾಗಿಯೇ ಇಳಿಯುತ್ತದೆ. ಲೋಡ್ ಕಮ್ಮಿಯಾಗಿ ಗೈಡ್ ವೇನ್‌ಗಳ (ರನ್ನರ್‌ಗೆ ಹೋಗುವ ನೀರನ್ನು ನಿಯಂತ್ರಿಸುವ ಎಲೆಗಳ) ನಡುವಿನ ಸಂದು ಕಿರಿದಾದರೆ, ನೀರು ರನ್ನರ್ ತಿರುಗುವ ದಿಕ್ಕಿನಲ್ಲೇ ಸುತ್ತುತ್ತಾ ಹೊರಬರುತ್ತದೆ. ಸುತ್ತುವ ನೀರು ಗೋಡೆಯ ಕಡೆ ಒತ್ತುತ್ತದೆ, ನಡುವೆ ಒತ್ತಡ ಕುಸಿಯುತ್ತದೆ. 20 ಡಿಗ್ರಿಯ ತಣ್ಣೀರು ಕೂಡ ಒತ್ತಡ ಸುಮಾರು 2.3 ಕಿಲೋಪ್ಯಾಸ್ಕಲ್‌ಗೆ ಇಳಿದರೆ ಕುದಿಯುತ್ತದೆ. (ನಮ್ಮ ಸುತ್ತಲಿನ ಗಾಳಿಯ ಒತ್ತಡ 101ರ ಆಸುಪಾಸು.) ಹಾಗೆ ಹುಟ್ಟಿದ ಆವಿ ಸುಳಿಯ ನಡುವೆ ಸಾಲುಗಟ್ಟುತ್ತದೆ. ಪ್ರಯೋಗಾಲಯದ ಮಾದರಿಯ ಡ್ರಾಫ್ಟ್ ಟ್ಯೂಬಿಗೆ ಉಕ್ಕಿನ ಬದಲು ಪಾರದರ್ಶಕ ಅಕ್ರಿಲಿಕ್ ಕೋನ್ ಕೂರಿಸಿರುತ್ತಾರೆ. ಅದರೊಳಗೆ ಬೆಳ್ಳಗಿನ ದಪ್ಪ ಹಗ್ಗವೊಂದು ಹೊಸೆದುಕೊಂಡು ಗಿರಗಿರ ಸುತ್ತುತ್ತಿರುತ್ತದೆ.

ಬರಿಗಣ್ಣಿಗೆ ಅದು ಮಸುಕು. ಸ್ಟ್ರೋಬ್ ದೀಪ ಬೇಕು. ರನ್ನರ್ ವೇಗಕ್ಕೆ ಸರಿಯಾಗಿ ದೀಪ ಮಿನುಗಿಸಿದರೆ ಬ್ಲೇಡ್‌ಗಳು ನಿಂತಂತೆ ಕಾಣುತ್ತವೆ, ಹಗ್ಗ ಮಾತ್ರ ನಿಲ್ಲುವುದಿಲ್ಲ! ಯಾಕೆಂದರೆ ಅದು ಸುತ್ತುವ ವೇಗ ರನ್ನರ್ ವೇಗದ 0.2ರಿಂದ 0.4 ಪಟ್ಟು ಅಷ್ಟೇ. ರನ್ನರ್ ನಿಮಿಷಕ್ಕೆ 1000 ಸುತ್ತು ಹಾಕಿದರೆ ಹಗ್ಗ 200ರಿಂದ 400. ದೀಪವನ್ನು ಆ ವೇಗಕ್ಕೆ ಇಳಿಸಬೇಕು.

ಆವಿ ಇಲ್ಲದಿದ್ದರೆ ನೀರಿಗೆ ಸಣ್ಣ ಕಣಗಳನ್ನು ಬೆರೆಸಿ, ತೆಳುವಾದ ಲೇಸರ್ ಹಾಳೆ ಹಾಯಿಸಿ, ಬೆನ್ನುಬೆನ್ನಿಗೆ ಎರಡು ಫೋಟೋ ತೆಗೆಯುತ್ತಾರೆ. ಕಣ ಎಷ್ಟು ಸರಿಯಿತು ಅಂತ ನೋಡಿದರೆ ವೇಗ ಸಿಗುತ್ತದೆ.

ಇನ್ನು ಹರಿವನ್ನು ಲೆಕ್ಕ ಹಾಕಿ ಬಿಡಿಸಿದ ಕಂಪ್ಯೂಟರ್ ಚಿತ್ರಗಳು. ಇಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ: ನಿಂತು ನೋಡುತ್ತಿದ್ದೇವಾ, ರನ್ನರ್ ಜೊತೆ ತಿರುಗುತ್ತಾ ನೋಡುತ್ತಿದ್ದೇವಾ? ತಿರುಗುತ್ತಾ ನೋಡಿದರೆ ನೇರ ಇಳಿಯುವ ನೀರೂ ಸುತ್ತಿದಂತೆ ಕಾಣುತ್ತದೆ. ರನ್ನರ್‌ಗಿಂತ ನಿಧಾನವಾಗಿ ಅದೇ ದಿಕ್ಕಿಗೆ ಸುತ್ತುವ ನೀರು ಉಲ್ಟಾ ಸುತ್ತಿದಂತೆ ಕಾಣುತ್ತದೆ. ಹಾಗಾಗಿ ಬ್ಲೇಡ್‌ಗಳ ನಡುವಿನ ಹರಿವನ್ನು ರನ್ನರ್ ಜೊತೆ ತಿರುಗುತ್ತಾ ನೋಡಿ, ಡ್ರಾಫ್ಟ್ ಟ್ಯೂಬನ್ನು ನಿಂತು ನೋಡಿ.

ನೀರು ಹರಿಯುವ ದಾರಿ ತೋರಿಸಲು ಸುಮ್ನೆ ನೂರಾರು ಗೆರೆ ಎಳೆದರೂ ಸುಳಿ ಸಿಗುವುದಿಲ್ಲ, ಬರೀ ನೂಲಿನ ಗೋಜಲು. ಕಡಿಮೆ ಒತ್ತಡದ ಒಂದು ಬೆಲೆ ಆರಿಸಿ, ಆ ಒತ್ತಡವಿರುವ ಜಾಗಗಳನ್ನೆಲ್ಲ ಸೇರಿಸಿ ಒಂದು ಮೇಲ್ಮೈ ಬಿಡಿಸಿ. ಹಗ್ಗ ಎದ್ದು ಬರುತ್ತದೆ. ಆದರೆ ಬೆಲೆ ಸ್ವಲ್ಪ ಬದಲಿಸಿದರೆ ಹಗ್ಗ ದಪ್ಪವಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಚಿತ್ರದ ದಪ್ಪವನ್ನು ನಂಬಬೇಡಿ. ಗೋಡೆಗೆ ಕೂರಿಸಿದ ಸೆನ್ಸರ್ ತೋರಿಸುವ ಒತ್ತಡ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ನೋಡಿ. ಕಂಪ್ಯೂಟರ್ ಲೆಕ್ಕದ ಹಗ್ಗವೂ ಅಷ್ಟೇ ಸಲ ಆ ಜಾಗವನ್ನು ಹಾಯಬೇಕು, ಅಲ್ವಾ?