ಹಾಲಿನ ಬಿಲ್ಲು ಬಂತು, ಮಗನ ದುಡ್ಡು ನಿಂತಿತು

ಕೊರೊನಾದಲ್ಲಿ ಪೇಟೆ ಮುಳುಗಿತು, ಹಳ್ಳಿ ಉಳಿಯಿತು ಅಂತ ಈಗಲೂ ಹೇಳುವವರಿದ್ದಾರೆ. ಲೆಕ್ಕವೂ ಹಾಗೇ ಕಾಣುತ್ತದೆ. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಸುಮಾರು ಶೇ 24ರಷ್ಟು ಕುಸಿಯಿತು, ಕೃಷಿ ಮಾತ್ರ ಶೇ 3.4ರಷ್ಟು ಬೆಳೆಯಿತು. ಮಂಡ್ಯ ಜಿಲ್ಲೆಯ ಬ್ಯಾಂಕ್ ಶಾಖೆಯಲ್ಲಿ ಸಾಲದ ಅರ್ಜಿ ನೋಡುವ ನನಗೆ ಇದು ಅರ್ಧ ಸತ್ಯ ಅನಿಸುತ್ತದೆ.

ಕೆ.ಆರ್. ಪೇಟೆ ಕಡೆಯ ಪಾಸ್‌ಬುಕ್ ತೆರೆದರೆ ಸಾಮಾನ್ಯವಾಗಿ ಮೂರು ಥರದ ಜಮೆ ಕಾಣುತ್ತದೆ. ಡೇರಿಯ ಹಾಲಿನ ಬಿಲ್ಲು, ಕಬ್ಬಿನ ದುಡ್ಡು, ಮುಂಬೈಯಿಂದಲೋ ಬೆಂಗಳೂರಿನಿಂದಲೋ ಮಗ ಹಾಕುವ ಹಣ. ಲಾಕ್‌ಡೌನ್‌ನಲ್ಲಿ ಹಾಲಿನ ಬಿಲ್ಲು ಬಂತು, ಮಗನ ದುಡ್ಡು ನಿಂತಿತು. ಮೇ ತಿಂಗಳಲ್ಲಿ ಮಗನೇ ಬಂದ, ಹೆಂಡತಿ ಮಕ್ಕಳ ಸಮೇತ. ಜಮೀನು ಅಷ್ಟೇ, ಉಣ್ಣುವವರು ಜಾಸ್ತಿ. ದೇಶದಲ್ಲಿ ದುಡಿಯುವವರ ಪೈಕಿ ಕೃಷಿಯಲ್ಲಿದ್ದವರು 2018-19ರಲ್ಲಿ ಶೇ 42.5, 2020-21ರಲ್ಲಿ ಶೇ 46.5. ಬೇಸಾಯದ ಮೇಲಿನ ಪ್ರೀತಿಯಿಂದ ಯಾರೂ ಬಂದದ್ದಲ್ಲ ಬಿಡಿ.

ಮೈಸೂರಿನ ಕಥೆ ಬೇರೆ. ಅಲ್ಲಿ ಸಂಬಳ, ಪಿಂಚಣಿ ಇದ್ದ ಮನೆ ಅಷ್ಟಾಗಿ ಅಲುಗಾಡಲಿಲ್ಲ. ಅರಮನೆ, ಮೃಗಾಲಯ ಮುಚ್ಚಿದಾಗ ಟಾಂಗಾದವರು, ಲಾಡ್ಜಿನ ಹುಡುಗರು ಬರಿಗೈಯಾದರು. ಆ ವರ್ಷ ಜಂಬೂ ಸವಾರಿ ಅರಮನೆ ಆವರಣ ದಾಟಲಿಲ್ಲ, ದಸರಾ ವ್ಯಾಪಾರವೂ ಹೋಯಿತು.

ಇಂಥ ಹೊತ್ತಲ್ಲಿ ನಾನು ಮೊದಲು ಕೇಳುವುದು, ‘ಹಸು ಇದೆಯಾ, ಮಾರಿದಿರಾ?’ ಅಂತ. ಮಾರಿದರೆ ಆ ತಿಂಗಳು ದಾಟುತ್ತದೆ, ಮುಂದಿನ ಹಾಲಿನ ಬಿಲ್ಲೇ ಇರುವುದಿಲ್ಲ. ರೋಗ ಹೋದರೂ ಆದಾಯ ವಾಪಸ್ ಬಾರದಿರುವುದಕ್ಕೆ ಇದೂ ಒಂದು ಕಾರಣ. ಸಾಲದ ಕಂತು ಆಮೇಲೆ ಕಟ್ಟುವ ಅವಕಾಶ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇತ್ತು. ಅದನ್ನು ಸಾಲ ಮನ್ನಾ ಅಂದುಕೊಂಡವರೂ ಇದ್ದರು. ಬಡ್ಡಿ ಮಾತ್ರ ಸುಮ್ನೆ ಕೂರಲಿಲ್ಲ.

ಹಸು ಉಳಿಸಿಕೊಂಡವರು ಹೆಚ್ಚಾಗಿ ಒಡವೆ ತಂದು ಅಡವಿಟ್ಟರು. ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೃಷಿಯೇತರ ಚಿನ್ನದ ಸಾಲದ ಮಿತಿಯನ್ನು ಒಡವೆ ಬೆಲೆಯ ಶೇ 75ರಿಂದ 90ಕ್ಕೆ ಏರಿಸಿತ್ತು. ಕೈಗೆ ಜಾಸ್ತಿ ದುಡ್ಡು, ಒಳ್ಳೆಯದೇ ಅಲ್ವಾ? ಆದರೆ ಆಗ ಚಿನ್ನದ ಬೆಲೆ ಏರಿ ಕೂತಿತ್ತು. 2021ರ ಮಾರ್ಚ್ ಹೊತ್ತಿಗೆ ಅದು ಚೆನ್ನಾಗಿಯೇ ಇಳಿಯಿತು, ಆ ತಿಂಗಳ ಕೊನೆಗೆ ಶೇ 90ರ ಸವಲತ್ತೂ ಮುಗಿಯಿತು. ಬೆಲೆ ಇಳಿದ ಒಡವೆ ಸಾಲಕ್ಕೆ ಸಾಕಾಗದೆ, ಅಂಚಿನವರೆಗೆ ಸಾಲ ಎತ್ತಿದ್ದವರು ಅದನ್ನು ಉಳಿಸಿಕೊಳ್ಳಲು ಕೈಯಿಂದ ದುಡ್ಡು ಹಾಕಬೇಕಾಯಿತು. ಅಷ್ಟರಲ್ಲಿ ಎರಡನೇ ಅಲೆ ಬಂತು.